ವಸ್ತ್ರಾಪುರದ ಕರಕಸರ: ಸಾಲ ತೀರಿಸೋಕೆ ಮನೆ ಖರ್ಚಲ್ಲಿ ಯಾವುದನ್ನ ಕತ್ತರಿಸೋದು, ಯಾವುದನ್ನ ಬಿಡೋದು

ವಿಡಿಯೋದಲ್ಲಿ ಮಾತಾಡುವಾಗ ಅಂಕಿಗಳು ಕಿವಿಗೆ ಬಿದ್ದು ಹಾಗೇ ಹೋಗಿಬಿಡುತ್ತವೆ, ಅದಕ್ಕೇ ಈ ಸಲ ಲೆಕ್ಕವನ್ನೆಲ್ಲ ಇಲ್ಲಿ ಬಿಡಿಸಿ ಬರೆದಿದ್ದೀನಿ. ಪೆನ್ನು ಹಿಡಿದು ಓದಿದರೆ ಇನ್ನೂ ಒಳ್ಳೇದು.

ಮೊದಲು ನನ್ನ ಕಥೆ. ಊರು ದಾವಣಗೆರೆ, ಓದು ಎಂಟೆಕ್, ಕೆಲಸ ಅಹಮದಾಬಾದಿನಲ್ಲಿ, ಮನೆ ವಸ್ತ್ರಾಪುರ ಕೆರೆಯಿಂದ ನಡೆದು ಹೋಗುವಷ್ಟು ದೂರ. 2023ರಲ್ಲಿ ಊರಲ್ಲಿ ಅಪ್ಪನಿಗೆ ಹಾರ್ಟ್ ಆಪರೇಷನ್ ಆಯ್ತು. ಕಂಪನಿ ಕೊಡೋ ಇನ್ಶೂರೆನ್ಸ್‌ನಲ್ಲಿ ನಾನು, ಹೆಂಡತಿ, ಮಗು ಮಾತ್ರ ಇದ್ವಿ. ಅಪ್ಪ-ಅಮ್ಮನನ್ನ ಸೇರಿಸೋಕೆ ಅಂತ ಬಂದ ಮೇಲ್ ಅನ್ನು 'ಆಮೇಲೆ ನೋಡೋಣ' ಅಂತ ಬಿಟ್ಟಿದ್ದೆ. ಐದು ಲಕ್ಷ ಪರ್ಸನಲ್ ಲೋನ್ ತಗೊಂಡೆ, 14% ಬಡ್ಡಿ, ಐದು ವರ್ಷ, ತಿಂಗಳಿಗೆ 11,634 ರೂಪಾಯಿ ಇಎಂಐ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಇಎಂಐ ಹೋದ ಮೇಲೆ ತಿಂಗಳ ಕೊನೆಗೆ ಕೈ ಖಾಲಿ, ಆಗ ಕ್ರೆಡಿಟ್ ಕಾರ್ಡ್ ಉಜ್ಜೋದು, ಬಿಲ್ ಬಂದಾಗ 'ಮಿನಿಮಮ್ ಡ್ಯೂ' ಮಾತ್ರ ಕಟ್ಟೋದು. ಹೀಗೆ ಒಂದು ವರ್ಷದಲ್ಲಿ ಕಾರ್ಡ್ ಸಾಲ 1,40,000 ಆಗಿತ್ತು. ಹೆಂಡತಿಗೆ ಹೇಳಿರಲಿಲ್ಲ.

ಅವಳಿಗೆ ಗೊತ್ತಾಗಿದ್ದು 2024ರ ದೀಪಾವಳಿ ದಿನ. ಇಲ್ಲಿ ದೀಪಾವಳಿಗೆ ಅಂಗಡಿಯವರು ಚೋಪಡಾ ಪೂಜೆ ಮಾಡ್ತಾರೆ. ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ, ಶುಭ-ಲಾಭ ಬರೆದು ಹೊಸ ವರ್ಷದ ಲೆಕ್ಕ ಶುರು ಮಾಡ್ತಾರೆ. ಕೆಳಗಿನ ಕಿರಾಣಿಯವರ ಪೂಜೆಗೆ ಹೋಗಿ ಬಂದ್ವಿ. ಅದೇ ಸಂಜೆ ಟೇಬಲ್ ಮೇಲಿದ್ದ ನನ್ನ ಫೋನಿಗೆ ಕಾರ್ಡಿನ ಮೆಸೇಜ್ ಬಂತು, ಅವಳು ಓದಿದಳು. ಜಗಳ ಆಗಲಿಲ್ಲ, ಆಗಿದ್ದರೇ ವಾಸಿ ಇತ್ತು. 'ಅಂಗಡಿಯವನು ಲೆಕ್ಕಕ್ಕೆ ಪೂಜೆ ಮಾಡ್ತಾನೆ, ನೀನು ಲೆಕ್ಕ ಬಚ್ಚಿಡ್ತೀಯ' ಅಂತ ಒಂದೇ ಮಾತು ಹೇಳಿ ಒಳಗೆ ಹೋದಳು.

ಈಗ ಕಾರ್ಡಿನ ಲೆಕ್ಕ ನೋಡಿ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ 3.5%. ಕೇಳೋಕೆ ಸಣ್ಣದು. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಬೇರೆ, ಅಲ್ಲಿಗೆ ತಿಂಗಳಿಗೆ 4.13%. 1,40,000ಕ್ಕೆ ಒಂದು ತಿಂಗಳ ಬಡ್ಡಿ 5,782 ರೂಪಾಯಿ. ಮಿನಿಮಮ್ ಡ್ಯೂ 5% ಅಂದ್ರೆ 7,000. ಕಟ್ಟಿದ 7,000ದಲ್ಲಿ ಅಸಲಿಗೆ ಹೋಗಿದ್ದು 1,218 ಮಾತ್ರ! ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಳೇ ಬಾಕಿ ಪೂರ್ತಿ ಕಟ್ಟದೇ ಇದ್ದರೆ ಹೊಸ ಖರೀದಿಗೆ ಬಡ್ಡಿ ಇಲ್ಲದ ಅವಧಿ ಸಿಗಲ್ಲ. ಇವತ್ತು ಅದೇ ಕಾರ್ಡಲ್ಲಿ ಹಾಲು ತಂದರೂ ಇವತ್ತಿಂದಲೇ ಬಡ್ಡಿ. 'ರಿವಾರ್ಡ್ ಪಾಯಿಂಟ್ ಬರುತ್ತಲ್ಲ' ಅಂತ ನಾನು ತರಕಾರಿಯನ್ನೂ ಕಾರ್ಡಲ್ಲೇ ತರ್ತಿದ್ದೆ. ಎಂಟೆಕ್ ಬೇರೆ ಮಾಡಿದ್ದೀನಿ.

ಆದ್ದರಿಂದ ಮನೆ ಖರ್ಚು ಕತ್ತರಿಸೋಕೆ ಮುಂಚೆ ಮಾಡಬೇಕಾದ ಕೆಲಸ ಇದು: ಎಲ್ಲಾ ಸಾಲಗಳನ್ನ ಬಡ್ಡಿ ದರದ ಪ್ರಕಾರ ಬರೆದು, ಮೇಲಿರೋದನ್ನ ಮೊದಲು ಹೊಡೆಯೋದು. ನನ್ನ ಹತ್ರ 90,000ದ ಒಂದು ಎಫ್‌ಡಿ ಇತ್ತು, 7% ಬಡ್ಡಿ ಬರ್ತಿತ್ತು. ಒಂದು ಕೈಯಲ್ಲಿ 7% ತಗೋತಾ ಇನ್ನೊಂದು ಕೈಯಲ್ಲಿ ವರ್ಷಕ್ಕೆ 49% ಮೇಲೆ ಕೊಡ್ತಾ ಇದ್ದೆ. 'ಎಫ್‌ಡಿ ಮುರೀಬಾರದು, ಅದು ಕಷ್ಟಕಾಲಕ್ಕೆ' ಅನ್ನೋದು ಅಪ್ಪನಿಂದ ಬಂದ ಬುದ್ಧಿ. ಕಷ್ಟಕಾಲ ಬಂದು ಸೋಫಾ ಮೇಲೆ ಕೂತಿದ್ರೂ ಗುರುತು ಸಿಗ್ಲಿಲ್ಲ ನನಗೆ. ಮುರಿದೆ. ಬಾಕಿ 50,000ಕ್ಕೆ ಹೆಂಡತಿ ತನ್ನ ಎರಡು ಬಳೆ ತೆಗೆದು ಟೇಬಲ್ ಮೇಲಿಟ್ಟಳು. ಗೋಲ್ಡ್ ಲೋನ್, ಬಡ್ಡಿ ಸುಮಾರು 10%. ನಮ್ಮ ಕಡೆ ಬಂಗಾರ ಅಡ ಇಡೋದು ಅಂದ್ರೆ ಮರ್ಯಾದೆ ಹೋದ ಹಾಗೆ, ಗೊತ್ತಲ್ಲ. ಲೆಕ್ಕದ ಪ್ರಕಾರ ಅದು ಸರಿಯಾದ ಕೆಲಸ. ಮನಸ್ಸಿಗೆ ಹಾಗನ್ನಿಸಲಿಲ್ಲ, ಈಗಲೂ ಅನ್ನಿಸಲ್ಲ. ಕಾರ್ಡ್ ಕ್ಲೋಸ್ ಆಯ್ತು.

ಆಮೇಲೆ ಮನೆ ಖರ್ಚು. ಹೆಂಡತಿ ಕಿರಾಣಿಯವರ ಹತ್ರ ಒಂದು ಚಿಕ್ಕ ಚೋಪಡಾ ತಂದಳು. ನಾನು ಸುಮ್ಮನಿರದೆ ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಪೈಥಾನ್ ಸ್ಕ್ರಿಪ್ಟ್ ಬರೆದು, ಆರು ತಿಂಗಳ ಯುಪಿಐ ಪೇಮೆಂಟ್‌ಗಳನ್ನೆಲ್ಲ ವಿಂಗಡಿಸಿದೆ. ಸ್ಕ್ರಿಪ್ಟ್ ಒಂದು ಸಲ ಉಪಯೋಗಕ್ಕೆ ಬಂತು. ಆನ್‌ಲೈನ್ ಊಟ ತಿಂಗಳಿಗೆ ಸರಾಸರಿ 6,400 ಅಂತ ತೋರಿಸಿ ಬಾಯಿ ಮುಚ್ಚಿಸಿತು. ದಿನಾ ಕೆಲಸ ಮಾಡಿದ್ದು ಮಾತ್ರ ಆ ಕೆಂಪು ಪುಸ್ತಕ, ಯಾಕಂದ್ರೆ ಅದು ಊಟದ ಟೇಬಲ್ ಮೇಲೆ ಕಣ್ಣಿಗೆ ಬೀಳೋ ಹಾಗೆ ಇರುತ್ತೆ. ಇದು ಊರಿನ ಗುಣವೂ ಇರಬೇಕು. 1915ರಲ್ಲಿ ಇದೇ ಊರಿನ ಕೊಚರಬ್‌ನಲ್ಲಿ ಆಶ್ರಮ ಶುರು ಮಾಡಿದ ಗಾಂಧೀಜಿ, ಲಂಡನ್ನಿನಲ್ಲಿ ಓದುವಾಗ ಬಸ್ಸು, ಅಂಚೆ ಚೀಟಿಯಂಥ ಚಿಲ್ಲರೆ ಖರ್ಚನ್ನೂ ಬರೆದಿಡ್ತಿದ್ದರು ಅಂತ ಆತ್ಮಕಥೆಯಲ್ಲಿದೆ. ಎರಡು ಕೋಣೆಯಿಂದ ಒಂದಕ್ಕೆ ಬಂದು, ಗಾಡಿ ಬಿಟ್ಟು ನಡೆದು ಖರ್ಚು ಇಳಿಸಿದ್ದರು. ಗಮನಿಸಿ, ಅವರೂ ಮೊದಲು ಕೈ ಹಾಕಿದ್ದು ಬಾಡಿಗೆಗೆ ಮತ್ತು ಓಡಾಟಕ್ಕೆ.

ಯಾಕೆ ಹೇಳ್ತೀನಿ ಅಂದ್ರೆ, ಖರ್ಚು ಕಮ್ಮಿ ಮಾಡಿ ಅಂದ ತಕ್ಷಣ ಎಲ್ಲರೂ ಚಹಾ ಬಿಡ್ತಾರೆ. ಚಹಾ ಬಿಟ್ಟು ಸಾಲ ತೀರಲ್ಲ, ತಲೆನೋವು ಬರುತ್ತೆ ಅಷ್ಟೇ. ನಮ್ಮ ದೊಡ್ಡ ಖರ್ಚು ಬಾಡಿಗೆ: 2 ಬಿಎಚ್‌ಕೆ, ಲಿಫ್ಟು, ಕ್ಲಬ್ ಹೌಸು, 25,000. ಅದೇ ವಸ್ತ್ರಾಪುರದಲ್ಲಿ ಒಳಗಿನ ಹಳೇ ಸೊಸೈಟಿಯಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ, 17,000ಕ್ಕೆ ಸಿಕ್ತು. ತಿಂಗಳಿಗೆ 8,000, ಒಂದೇ ನಿರ್ಧಾರದಲ್ಲಿ. ಬೆಂಗಳೂರಿನಲ್ಲಿ ಮನೆ ಬದಲಿಸೋದು ಅಂದ್ರೆ ದೊಡ್ಡ ಡಿಪಾಸಿಟ್ ಹೊಂದಿಸೋ ಸಂಕಟ. ಇಲ್ಲಿ ನಮಗೆ ಎರಡು ತಿಂಗಳ ಡಿಪಾಸಿಟ್ ಸಾಕಾಯ್ತು. ಮಗು ಸ್ಕೂಲು, ಆಫೀಸು ಯಾವುದೂ ದೂರ ಆಗಲಿಲ್ಲ. ಮೆಟ್ಟಿಲು ಹತ್ತೋದು ಜಿಮ್ ಲೆಕ್ಕಕ್ಕೆ ಹಾಕಿಕೊಂಡೆ, ಜಿಮ್ ಮೆಂಬರ್‌ಶಿಪ್ಪೂ ಹೋಯ್ತು.

ಎರಡನೇದು ಊರಿಗೆ ಹೋಗೋದು. ಹೊರಗಿರೋ ಕನ್ನಡಿಗರ ಬಜೆಟ್ಟಿನಲ್ಲಿ ಇದೇ ದೊಡ್ಡ ತೂತು, ಆದ್ರೆ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಅಪ್ಪ-ಅಮ್ಮನ್ನ ನೋಡೋಕೆ ಹೋಗೋದಕ್ಕೆ ಲೆಕ್ಕ ಹಾಕ್ತಾರಾ ಅಂತ. ಮೂವರು ವಿಮಾನದಲ್ಲಿ ಬೆಂಗಳೂರು, ಅಲ್ಲಿಂದ ಕ್ಯಾಬು, ಹಬ್ಬದ ಸೀಸನ್ನಿನ ದರ. ದಾವಣಗೆರೆ, ಹುಬ್ಬಳ್ಳಿ ಕಡೆಯವರಿಗಂತೂ ಇದು ಸುತ್ತು ದಾರಿ. ಜೋಧ್‌ಪುರ–ಬೆಂಗಳೂರು, ಅಜ್ಮೇರ್–ಮೈಸೂರು ರೈಲುಗಳು ಈ ಕಡೆಯಿಂದಲೇ ಹಾದು ಹುಬ್ಬಳ್ಳಿ, ದಾವಣಗೆರೆ ಮೇಲೆ ಹೋಗ್ತವೆ. ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ, ನಿಜ. ದಿನಾ ಇಲ್ಲ, ಅದೂ ನಿಜ. ಬುಕಿಂಗ್ ಮುಂಚಿನ ಹಾಗೆ 120 ದಿನ ಮೊದಲು ತೆರೆಯಲ್ಲ, 2024ರ ನವೆಂಬರ್‌ನಿಂದ 60 ದಿನ. ಕ್ಯಾಲೆಂಡರಿನಲ್ಲಿ ರಿಮೈಂಡರ್ ಇಟ್ಟು ಬೆಳಿಗ್ಗೆ 8ಕ್ಕೆ ಕೂರಬೇಕು. ಅಹಮದಾಬಾದ್ ಸ್ಟೇಷನ್ ಕೆಲಸ ನಡೀತಿರೋದರಿಂದ ರೈಲು ಯಾವ ಸ್ಟೇಷನ್ನಿಗೆ ಬರುತ್ತೆ ಅಂತ ಒಮ್ಮೆ ನೋಡಿಕೊಳ್ಳಿ. ಕಾಲುಪುರಕ್ಕೇ ಹೋಗೋದಾದರೆ ಗುರುಕುಲ ರೋಡ್‌ನಿಂದ ಮೆಟ್ರೋದಲ್ಲಿ ನೇರ ಹೋಗಬಹುದು, ಆಟೋ ಚೌಕಾಸಿ ಬೇಡ. ಊರಿಗೆ ಹೋಗೋ ಸಲ ಕಮ್ಮಿ ಮಾಡಲಿಲ್ಲ ನಾವು, ಹೋಗೋ ರೀತಿ ಬದಲಿಸಿದ್ವಿ.

ಅಡುಗೆಮನೆ ವಿಷಯಕ್ಕೆ ಬಂದರೆ, ಗುಜರಾತಿಗೆ ಬಂದು ಐದು ವರ್ಷ ನಾವು ಇಲ್ಲಿ ದಾವಣಗೆರೆ ಕಟ್ಟೋಕೆ ಹೋಗಿದ್ವಿ. ಅಕ್ಕಿ ಆ ಬ್ರ್ಯಾಂಡೇ ಬೇಕು, ತೆಂಗಿನಕಾಯಿ ದಿನಾ ಬೇಕು, ಮಂಡಕ್ಕಿ ಪಾರ್ಸಲ್ ಬರಬೇಕು. ಕಣ್ಣೆದುರಿಗೇ ಇತ್ತು: ಇಲ್ಲಿನ ಮಮ್ರಾ ಅಂದ್ರೆ ನಮ್ಮ ಮಂಡಕ್ಕಿ, ಬಾಜ್ರಿ ರೋಟ್ಲಾ ಅಂದ್ರೆ ಸಜ್ಜೆ ರೊಟ್ಟಿ. ಸೌರಾಷ್ಟ್ರ ಪೂರ್ತಿ ಶೇಂಗಾ ಬೆಳೆಯೋ ನಾಡು, ನಮ್ಮ ಕಡೆಯವರಿಗೆ ಶೇಂಗಾ ಚಟ್ನಿ ಹೇಳಿಕೊಡಬೇಕಾ? ರಾತ್ರಿ ಖಿಚಡಿ-ಕಢಿ ಮಾಡೋಕೆ ಶುರು ಮಾಡಿದ ಮೇಲೆ ಆನ್‌ಲೈನ್ ಆರ್ಡರು ತಾನಾಗೇ ಇಳಿಯಿತು. ಸುಸ್ತಾದ ದಿನ 20 ನಿಮಿಷದಲ್ಲಿ ಆಗೋ ಅಡುಗೆ ಮನೆಯಲ್ಲಿ ಇಲ್ಲದೇ ಇದ್ದಿದ್ದೇ ರೋಗದ ಮೂಲ ಆಗಿತ್ತು. ತರಕಾರಿ ರಾತ್ರಿ ಎಂಟರ ಮೇಲೆ ಲಾರಿಯವನ ಹತ್ರ. ಹೊಸಬರು ಗಾಬರಿ ಆಗ್ಬೇಡಿ, ಇಲ್ಲಿ ಲಾರಿ ಅಂದ್ರೆ ತಳ್ಳುಗಾಡಿ. ಕಾಫಿಪುಡಿ ಮಾತ್ರ ಈಗಲೂ ಊರಿಂದಲೇ ಬರುತ್ತೆ, ಅದರ ಬಗ್ಗೆ ಚರ್ಚೆ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಗುಜರಾತಿ ಮನೆಗಳಲ್ಲಿ ಬೇಸಿಗೆಯಲ್ಲಿ ವರ್ಷಕ್ಕಾಗೋವಷ್ಟು ಗೋಧಿ ಕೊಂಡು, ದಿವೇಲ್ ಅಂದ್ರೆ ಹರಳೆಣ್ಣೆ ಸವರಿ ಡಬ್ಬಿಗೆ ತುಂಬ್ತಾರೆ. ಶೇಂಗಾ ಎಣ್ಣೆ ದೊಡ್ಡ ಡಬ್ಬವೇ ಬರುತ್ತೆ. ಪಕ್ಕದ ಮನೆಯವರು ಹೇಳಿದ್ರು ಅಂತ ನಾನು 2024ರ ಏಪ್ರಿಲ್‌ನಲ್ಲೇ, ಕಾರ್ಡ್ ಸಾಲ ಇರುವಾಗಲೇ, 6,000 ರೂಪಾಯಿಯ ಗೋಧಿ ತುಂಬಿದ್ದೆ. ಸಗಟು ಕೊಂಡಿದ್ದಕ್ಕೆ 10% ಉಳಿತು ಅಂತಿಟ್ಟುಕೊಳ್ಳಿ, 600 ರೂಪಾಯಿ. ಆದ್ರೆ ವರ್ಷ ಪೂರ್ತಿ ಸರಾಸರಿ 3,000 ರೂಪಾಯಿಯ ಗೋಧಿ ಡಬ್ಬಿಯಲ್ಲೇ ಕೂತಿರುತ್ತೆ. ಅಷ್ಟೇ ದುಡ್ಡು ಕಾರ್ಡಿಗೆ ಹೋಗಿದ್ದರೆ ಉಳೀತಿದ್ದ ಬಡ್ಡಿ ವರ್ಷಕ್ಕೆ 1,487. ಅಂದ್ರೆ ಉಳಿತಾಯ ಅಂದುಕೊಂಡಿದ್ದರಲ್ಲಿ ಸುಮಾರು 900 ನಷ್ಟ. ಪಕ್ಕದ ಮನೆಯವರಿಗೆ ಕಾರ್ಡ್ ಸಾಲ ಇರಲಿಲ್ಲ, ಅವರ ಲೆಕ್ಕ ಅವರಿಗೆ ಸರಿ. ಕಾರ್ಡ್ ಬಾಕಿ ಇರೋವರೆಗೂ ಗೋಧಿ ಕಿಲೋ ಲೆಕ್ಕದಲ್ಲೇ ತನ್ನಿ, ಆಫರ್ ಇದೆ ಅಂತ ಮೂರು ಪ್ಯಾಕ್ ತರಬೇಡಿ.

ಕತ್ತರಿಸಬಾರದ್ದು ಎರಡಿವೆ. ಒಂದು, ಹೆಲ್ತ್ ಇನ್ಶೂರೆನ್ಸ್. ಈ ಸಾಲ ಹುಟ್ಟಿದ್ದೇ ಅದಿಲ್ಲದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಪ್ರೀಮಿಯಂ ಮೇಲೆ ಜಿಎಸ್‌ಟಿಯೂ ಇಲ್ಲ. ಎರಡು, ಬೇಸಿಗೆಯ ಎಸಿ. ಈ ಊರಲ್ಲಿ 2016ರ ಮೇ 20ಕ್ಕೆ 48 ಡಿಗ್ರಿ ಮುಟ್ಟಿತ್ತು. ಸುಮ್ಮನೆ ಅಲ್ಲ ಇಲ್ಲಿನ ನಗರಪಾಲಿಕೆ 2013ರಲ್ಲೇ ಬಿಸಿಗಾಳಿಗೆ ಅಂತ ಪ್ರತ್ಯೇಕ ಯೋಜನೆ ಮಾಡಿದ್ದು. ಮೊದಲ ಬೇಸಿಗೆಯಲ್ಲಿ ಕರೆಂಟ್ ಬಿಲ್ ಉಳಿಸೋಕೆ ಹೋಗಿ ಮಗುವಿಗೆ ಜ್ವರ ಬಂದು, ಉಳಿಸಿದ್ದು ಡಾಕ್ಟರಿಗೆ ಹೋಯ್ತು. ಈಗ 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕ್ತೀವಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತೆ.

ಇಷ್ಟೆಲ್ಲ ಮಾಡಿ ತಿಂಗಳಿಗೆ ಹತ್ತು ಸಾವಿರ ಉಳೀತು. ಆದ್ರೆ ಉಳಿದ ದುಡ್ಡು ಅಕೌಂಟಲ್ಲಿದ್ದರೆ ಉಳಿಯಲ್ಲ ಸ್ವಾಮಿ, ಯಾವುದೋ ಸೇಲ್ ಬರುತ್ತೆ, ಹೋಗುತ್ತೆ. ಸಂಬಳ ಬಂದ ದಿನವೇ ಸಾಲಕ್ಕೆ ಕಳಿಸಿಬಿಡಬೇಕು, ಆಮೇಲೆ ಉಳಿದದ್ದರಲ್ಲಿ ತಿಂಗಳು ನಡೆಸಬೇಕು. ಹಾಗೆ ಐದು ತಿಂಗಳಲ್ಲಿ, 2025ರ ಏಪ್ರಿಲ್‌ಗೆ, ಬಳೆ ಬಿಡಿಸಿಕೊಂಡು ಬಂದ್ವಿ. ಮೇ ತಿಂಗಳಿಂದ 5,000 ಲೋನಿಗೆ ಹೆಚ್ಚುವರಿ, ಇನ್ನೈದು ಸಾವಿರ ಎಮರ್ಜೆನ್ಸಿ ಫಂಡಿಗೆ.

ಆ ಐದು ಸಾವಿರ ಏನು ಮಾಡುತ್ತೆ ನೋಡಿ. ಆಗ 20 ಕಂತು ಕಟ್ಟಿದ್ದೆ, 40 ಬಾಕಿ, ಅಸಲು ಇನ್ನೂ ಸುಮಾರು 3,70,000. ತಿಂಗಳಿಗೆ 16,634 ಕಟ್ಟಿದರೆ 40 ಕಂತು 26ಕ್ಕೆ ಇಳಿಯುತ್ತೆ, ಬಡ್ಡಿ ಸುಮಾರು 34,000 ಉಳಿಯುತ್ತೆ. ಇದನ್ನೇ ಮೊದಲ ತಿಂಗಳಿಂದ ಮಾಡಿದ್ದರೆ 60 ಕಂತಿನ ಲೋನ್ 38ನೇ ತಿಂಗಳಿಗೆ ಮುಗಿದು, ಸುಮಾರು 79,000 ಉಳೀತಿತ್ತು. ಹೆಂಡತಿಯಿಂದ ಮುಚ್ಚಿಟ್ಟಿದ್ದರ ಬೆಲೆ ಲೋನ್ ಒಂದರಲ್ಲೇ 45,000 ಅಂತ ಚೋಪಡಾದ ಕೊನೇ ಪುಟದಲ್ಲಿ ಅವಳೇ ಬರೆದಿದ್ದಾಳೆ, ಕೆಂಪು ಪೆನ್ನಲ್ಲಿ.

ನೀವೂ ಹೀಗೆ ಕಟ್ಟೋಕೆ ಮುಂಚೆ ಲೋನ್ ಅಗ್ರಿಮೆಂಟ್ ತೆಗೆದು ಓದಿ. ಫ್ಲೋಟಿಂಗ್ ಬಡ್ಡಿಯ ಹೋಮ್ ಲೋನಿಗೆ ಮುಂಚೆ ಕಟ್ಟಿದರೆ ದಂಡ ಹಾಕಬಾರದು ಅಂತ ಆರ್‌ಬಿಐ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಫಿಕ್ಸೆಡ್ ಬಡ್ಡಿಯ ಪರ್ಸನಲ್ ಲೋನಿಗೆ ಷರತ್ತುಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಚಾರ್ಜ್ ಎಷ್ಟು, ವರ್ಷಕ್ಕೆ ಎಷ್ಟು ಸಲ ಕಟ್ಟಬಹುದು ಕೇಳಿ. ಸಲ ಕಮ್ಮಿ ಇದ್ದರೆ ಬೇರೆ ಅಕೌಂಟಲ್ಲಿ ಕೂಡಿಟ್ಟು ಒಟ್ಟಿಗೆ ಕಟ್ಟಿ. ಕಟ್ಟಿದಾಗ ಇಎಂಐ ಇಳಿಸಬೇಡಿ, ಅವಧಿ ಇಳಿಸಿ ಅಂತ ಬರೆದೇ ಕೊಡಿ. ಸುಮ್ಮನಿದ್ದರೆ ಕೆಲವು ಕಡೆ ಇಎಂಐ ಇಳಿಸಿಬಿಡ್ತಾರೆ, ನಮ್ಮ ಲೆಕ್ಕ ಎಲ್ಲ ಕೆಡುತ್ತೆ.

ಗುಜರಾತಿಯಲ್ಲಿ ಕಂಜೂಸಿಗೊಂದು ಪದ, ಕರಕಸರಕ್ಕೊಂದು ಪದ. ಎರಡನೇದು ಇಲ್ಲಿ ಬೈಗುಳ ಅಲ್ಲ. ಆಫೀಸಲ್ಲಿ ಡಬ್ಬಿ ಬಿಚ್ಚಿದರೆ ಯಾರೂ ವಿಚಿತ್ರವಾಗಿ ನೋಡಲ್ಲ, ನನಗಿಂತ ಎರಡು ಪಟ್ಟು ಸಂಬಳದವರೂ ಥೇಪ್ಲಾ ಬಿಚ್ಚಿ ಪಕ್ಕದಲ್ಲಿ ಕೂರ್ತಾರೆ. ರಾಜ್ಯದಲ್ಲಿ ಮದ್ಯ ನಿಷೇಧ, ಹಾಗಾಗಿ ಶುಕ್ರವಾರದ ಬಿಲ್ಲೂ ಇಲ್ಲ. ಬೆಂಗಳೂರಲ್ಲಿದ್ದಿದ್ದರೆ ಇಷ್ಟು ಸುಲಭ ಆಗ್ತಿರಲಿಲ್ಲ ಅಂತ ನನಗನ್ನಿಸುತ್ತೆ, ಅಲ್ಲಿರೋ ಗೆಳೆಯರು ಒಪ್ಪಲ್ಲ.

ಲೆಕ್ಕ ತಪ್ಪದಿದ್ದರೆ ಕೊನೇ ಕಂತು 2027ರ ಜೂನ್‌ಗೆ. ಅಪ್ಪನಿಗೆ ಈ ಲೋನಿನ ಮೊತ್ತ ಇವತ್ತಿಗೂ ಹೇಳಿಲ್ಲ. ಹೇಳಬೇಕು ಅಂತ ಹೆಂಡತಿ, ಬೇಡ ಅಂತ ನಾನು. ಅದೊಂದು ಇನ್ನೂ ತೀರ್ಮಾನ ಆಗಿಲ್ಲ.