ಹಳೆಯ .22 ರೈಫಲ್‌ಗೆ ಬದಲಿ ಮ್ಯಾಗಜಿನ್: ನಂಬಿದ್ದೇನು, ನಿಜವೇನು?

ಹಳೆಯ .22 ರೈಫಲ್ ಸುಲಭಕ್ಕೆ ಸವೆಯುವುದಿಲ್ಲ. ಕಳೆದುಹೋಗುವುದು, ನೆಗ್ಗುವುದು ಅದರ ಮ್ಯಾಗಜಿನ್. ಕಂಪನಿ ಆ ಮಾದರಿಯನ್ನು ನಿಲ್ಲಿಸಿಬಿಟ್ಟಿದ್ದರೆ ಬೇರೆಯದನ್ನು ಹೊಂದಿಸಬೇಕು. ಆಗ ನಾವು ನಂಬಿ ಕೂತ ಕೆಲವು ಮಾತುಗಳು ದಾರಿ ತಪ್ಪಿಸುತ್ತವೆ.

ತಪ್ಪು ಕಲ್ಪನೆ 1: .22 ಎಂದಮೇಲೆ ಯಾವ ಮ್ಯಾಗಜಿನ್ ಆದರೂ ಕೂರುತ್ತದೆ.

ವಾಸ್ತವ: .22 ಎಂಬುದು ನಳಿಗೆಯ ಅಳತೆ, ಮ್ಯಾಗಜಿನ್‌ನದಲ್ಲ. 1887ರಲ್ಲಿ ಬಂದ .22 ಲಾಂಗ್ ರೈಫಲ್ ಕಾಡತೂಸಿಗೆ ನೂರಾರು ಮಾದರಿಯ ರೈಫಲ್‌ಗಳು ತಯಾರಾಗಿವೆ. ಮ್ಯಾಗಜಿನ್ ಹಿಡಿದಿಡುವ ಕೊಕ್ಕೆಯ ಜಾಗ, ಪೆಟ್ಟಿಗೆಯ ಅಗಲ, ಎತ್ತರ ಒಂದೊಂದರಲ್ಲೂ ಬೇರೆ. ಹೊಂದುವವೂ ಇವೆ: ಜೆಕ್ ದೇಶದ ಹಳೆಯ ಬ್ರನೋ ಮಾಡೆಲ್ 2ಕ್ಕೆ ಸಿಝಡ್ 452ರ ಮ್ಯಾಗಜಿನ್ ಸಾಮಾನ್ಯವಾಗಿ ಕೂರುತ್ತದೆ. ಕಾರಣ, ಎರಡೂ ಒಂದೇ ವಂಶದವು.

ತಪ್ಪು ಕಲ್ಪನೆ 2: ಟಕ್ ಎಂದು ಕೂತರೆ ಕೆಲಸ ಮುಗಿಯಿತು.

ವಾಸ್ತವ: ಅಲ್ಲಿಂದಲೇ ಕೆಲಸ ಶುರು. ಮ್ಯಾಗಜಿನ್ ತುಸು ಕೆಳಗೆ ಕೂತರೆ ಬೋಲ್ಟ್ ಕಾಡತೂಸಿನ ಮೇಲೆಯೇ ಜಾರಿ ಹೋಗುತ್ತದೆ. ತುಸು ಮೇಲೆ ಕೂತರೆ ಬೋಲ್ಟ್ ಮ್ಯಾಗಜಿನ್‌ನ ತುಟಿಗಳಿಗೆ ಉಜ್ಜುತ್ತದೆ, ಗುಂಡಿನ ಮೂತಿ ಚೇಂಬರಿನ ಮೇಲಂಚಿಗೆ ಬಡಿಯುತ್ತದೆ. ಸೀಸ ಮೆದು, ಮೂತಿಯ ಒಂದು ಪಕ್ಕ ಕೆತ್ತಿಹೋಗಿದ್ದರೆ ದೋಷ ಎತ್ತರದ್ದೋ ಕೋನದ್ದೋ ಎಂದು ಅಲ್ಲಿಯೇ ಹುಡುಕಬೇಕು.

ತಪ್ಪು ಕಲ್ಪನೆ 3: ಕಾಡತೂಸು ಸಿಕ್ಕಿಕೊಂಡರೆ ಸ್ಪ್ರಿಂಗ್ ಎಳೆದು ಉದ್ದ ಮಾಡಿದರಾಯಿತು.

ವಾಸ್ತವ: ದೋಷ ಎಷ್ಟೋ ಸಲ ಸ್ಪ್ರಿಂಗಿನದಲ್ಲ. ಈ ಕಾಡತೂಸಿನ ಬುಡದಲ್ಲಿ ಹೊರಚಾಚಿದ ರಿಮ್ ಇದೆ. ಮೇಲಿನದರ ರಿಮ್ ಕೆಳಗಿನದರ ರಿಮ್‌ಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ತುಂಬುವ ಕ್ರಮ ಸರಿಪಡಿಸದೆ ಸ್ಪ್ರಿಂಗ್ ಎಳೆದರೆ ಒತ್ತಡ ಏರುಪೇರಾಗುವುದಷ್ಟೇ ಲಾಭ.

ತಪ್ಪು ಕಲ್ಪನೆ 4: ಮ್ಯಾಗಜಿನ್ ಹೊಂದದಿದ್ದರೆ ರೈಫಲನ್ನೇ ಸ್ವಲ್ಪ ಅರ ಹಾಕಬಹುದು.

ವಾಸ್ತವ: ಹಾಕಲೇಬಾರದು. ಮ್ಯಾಗಜಿನ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ಹಳೆಯ ರೈಫಲ್‌ನ ಉಕ್ಕನ್ನು ಉಜ್ಜಿ ತೆಗೆದಮೇಲೆ ಮತ್ತೆ ಅಂಟಿಸಲಾಗದು. ತಿದ್ದಬೇಕಾದದ್ದು ಬದಲಿಗೆ ತಂದ ವಸ್ತುವನ್ನು, ಮೂಲವನ್ನಲ್ಲ.

ತಪ್ಪು ಕಲ್ಪನೆ 5: ಸಣ್ಣ ಗುಂಡು ತಾನೇ, ಅಸಲಿ ಕಾಡತೂಸು ಹಾಕಿಯೇ ನೋಡಬಹುದು.

ವಾಸ್ತವ: ಇದರಲ್ಲಿ ಸಿಡಿಮದ್ದು ಇರುವುದು ರಿಮ್‌ನ ಒಳಗೇ. ಸಿಕ್ಕಿಕೊಂಡ ಕಾಡತೂಸಿನ ರಿಮ್ ಜೋರಾಗಿ ಜಜ್ಜಿದರೆ ಅದು ಚೇಂಬರಿನ ಹೊರಗೇ ಸಿಡಿಯಬಹುದು. ಪರೀಕ್ಷೆಗೆ ಡಮ್ಮಿ ಕಾಡತೂಸೇ ಆಗಬೇಕು.

ತಪ್ಪು ಕಲ್ಪನೆ 6: ಮ್ಯಾಗಜಿನ್ ಬಂದೂಕಲ್ಲ, ಯಾವ ವರ್ಕ್‌ಶಾಪಿನಲ್ಲಾದರೂ ಮಾಡಿಸಬಹುದು.

ವಾಸ್ತವ: ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗಗಳೂ ಸೇರಿವೆ. ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಅಂಥವರ ಕೈಗೇ ಕೊಡಿ. ಅಲ್ಲಿಯವರೆಗೆ ರೈಫಲ್ ಗುಜರಿಯೆಂದು ಕೈಬಿಡಬೇಕಿಲ್ಲ: ಹೆಚ್ಚಿನ ಬೋಲ್ಟ್ ರೈಫಲ್‌ಗಳಲ್ಲಿ ಒಂದೊಂದೇ ಕಾಡತೂಸು ಇಟ್ಟು ಗುರಿ ಅಭ್ಯಾಸ ಮಾಡಬಹುದು.