ರಾಗಿಯ ನಾಡಿನಲ್ಲಿ ಗೋಧಿ ಒಗ್ಗದವರು

ಧರ್ಮಪುರಿ, ಸೇಲಂ ಸೀಮೆಯ ಹಳೆಯ ಅಡುಗೆಯಲ್ಲಿ ಗೋಧಿಗೆ ಹೆಚ್ಚು ಜಾಗವಿರಲಿಲ್ಲ. ಬಯಲಿನಲ್ಲಿ ರಾಗಿ, ಸಿತ್ತೇರಿ, ವತ್ತಲಮಲೆಯಂಥ ಗುಡ್ಡಗಳಲ್ಲಿ ಸಾಮೆ, ನೀರಿದ್ದಲ್ಲಿ ಭತ್ತ. ಕನ್ನಡದ ಮನೆಗಳಲ್ಲಿ ಮುದ್ದೆ, ಪಕ್ಕದ ತಮಿಳು ಮನೆಗಳಲ್ಲಿ ಅದೇ ಹಿಟ್ಟಿನ ಕಳಿ. ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಗಳ ಮುಂದೆ ಹಂಚುವುದೂ ರಾಗಿಯ ಕೂಳನ್ನೇ. ಇಂಥ ನಾಡಿನಲ್ಲಿ ಗೋಧಿ ತಿಂದರೆ ಕೆರಳುವ ಕಾಯಿಲೆಯನ್ನು ಹೊತ್ತು ಬದುಕುವುದು ಸಲೀಸಾಗಿರಬೇಕಿತ್ತು. ಹಾಗಿಲ್ಲ. ಕಾಯಿಲೆಗೆ ತಕ್ಕ ಊಟ ಇಲ್ಲಿನ ಹೊಲದಲ್ಲೇ ಬೆಳೆಯುತ್ತದೆ. ಕಾಯಿಲೆಯ ಹೆಸರನ್ನು ಕೇಳಿದವರು ಮಾತ್ರ ಬಹಳ ಕಡಿಮೆ.

ಸೀಲಿಯಾಕ್ ಎಂಬ ಈ ಕಾಯಿಲೆ ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆ ಸೇರಿದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಮೇಲೆ ತಿರುಗಿಬೀಳುತ್ತದೆ. ಆಹಾರದ ಸಾರ ಹೀರಿಕೊಳ್ಳಲೆಂದು ಕರುಳಿನ ಒಳಗೋಡೆಯಲ್ಲಿರುವ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ. ಇನ್ನು ಕೆಲವರಿಗೆ ಹೊಟ್ಟೆಯ ತೊಂದರೆಯೇ ಇಲ್ಲದೆ ರಕ್ತಹೀನತೆ, ಕುಂಠಿತ ಬೆಳವಣಿಗೆ, ತಡವಾಗಿ ಮೈನೆರೆಯುವುದು, ಮೂಳೆ ಸವೆತ, ಪದೇಪದೇ ಬಾಯಿಹುಣ್ಣು. ಇದನ್ನು ವಾಸಿಮಾಡುವ ಮಾತ್ರೆ ಇಲ್ಲ. ಗ್ಲುಟೆನ್ ಇಲ್ಲದ ಊಟವೊಂದೇ ಮದ್ದು, ಅದೂ ಜೀವಮಾನವಿಡೀ.

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಲಕ್ಷಣಗಳನ್ನು ದಾಖಲಿಸಿ, ವಾಸಿಯಾಗುವುದಿದ್ದರೆ ಅದು ಪಥ್ಯದಿಂದಲೇ ಎಂದಿದ್ದರು. ಯಾವ ಪಥ್ಯ ಎಂಬುದನ್ನು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಎರಡನೇ ಮಹಾಯುದ್ಧಕ್ಕೂ ಮೊದಲೇ ಅನುಮಾನವಿತ್ತು. 1944–45ರ ಬರಗಾಲದ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡು ಸಿಗದಾದಾಗ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಡಿಕೆ ತಮ್ಮ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ಖಚಿತಪಡಿಸಿದರು.

ಜೀನ್ ಇತ್ತು, ಗೋಧಿ ಇರಲಿಲ್ಲ

ಇದು ಉತ್ತರದವರ ಕಾಯಿಲೆ, ಅನ್ನ ಉಣ್ಣುವ ದಕ್ಷಿಣದವರಿಗೆ ಬರುವುದಿಲ್ಲ ಎಂಬ ಮಾತು ವೈದ್ಯರಲ್ಲೂ ಬೇರೂರಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬಹುಕಾಲ ದುಡಿದ ಡಾ. ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿನ ಅರ್ಧ ಸತ್ಯವನ್ನು ಬಿಡಿಸಿಟ್ಟಿತು. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತವನ್ನು ಅವರು ಪರೀಕ್ಷಿಸಿದ್ದರು. ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಕೇವಲ ಶೇ 0.10 ಮಂದಿಯಲ್ಲಿ ಕಂಡವು. ಆದರೆ ಕಾಯಿಲೆಗೆ ಅನುವು ಮಾಡಿಕೊಡುವ ಜೀನ್‌ಗಳು ಉತ್ತರದಲ್ಲಿ ಶೇ 38.1 ಮಂದಿಯಲ್ಲಿದ್ದರೆ ದಕ್ಷಿಣದಲ್ಲಿ ಶೇ 36.4 ಮಂದಿಯಲ್ಲಿದ್ದವು. ಹೆಚ್ಚುಕಡಿಮೆ ಸಮ. ಎದ್ದುಕಂಡ ವ್ಯತ್ಯಾಸ ತಟ್ಟೆಯಲ್ಲಿತ್ತು: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ.

ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬರುವುದು ಕೆಲವೇ ಮಂದಿಗೆ. ಆದರೂ ತಟ್ಟೆ ಬದಲಾದರೆ ಲೆಕ್ಕವೂ ಬದಲಾಗಬಹುದು. ಸಕ್ಕರೆ ಕಾಯಿಲೆ ಬಂದವರಿಗೆ ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ ಎನ್ನುವ ಸಲಹೆ ಸಿಗುತ್ತದೆ. ಸಂಜೆಯಾದರೆ ಬೀದಿಬೀದಿಯಲ್ಲಿ ಪರೋಟದ ಕಾವಲಿ ಕಾಯುತ್ತದೆ. 2022ರಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ಶಾಲಾ ಉಪಾಹಾರ ಯೋಜನೆ ಲಕ್ಷಾಂತರ ಮಕ್ಕಳ ಹಸಿವು ನೀಗಿಸುತ್ತಿದೆ. ಅದರ ಪಟ್ಟಿಯಲ್ಲಿ ರವೆ, ಶಾವಿಗೆ, ಗೋಧಿ ರವೆಯ ಉಪ್ಪಿಟ್ಟು, ಕಿಚಡಿಗಳಿವೆ. ಬಹುಪಾಲು ಮಕ್ಕಳಿಗೆ ಇದು ಒಳ್ಳೆಯ ಊಟವೇ. ಸೀಲಿಯಾಕ್ ಇರುವ ಒಂದು ಮಗು ಆ ಸಾಲಿನಲ್ಲಿ ಕೂತಿದ್ದರೆ, ಅದನ್ನು ಗುರುತಿಸುವ ಹೊಣೆ ದೊಡ್ಡವರದು.

ಕಣ್ತಪ್ಪುವುದು ಏಕೆ

ನಮ್ಮ ಹಳ್ಳಿಗಳಲ್ಲಿ ರಕ್ತಹೀನತೆ ಅಪರೂಪವಲ್ಲ. ಅರೆಹೊಟ್ಟೆ, ಕೊಕ್ಕೆಹುಳು, ಹೆರಿಗೆ, ತಿಂಗಳ ಸ್ರಾವ ಎಂದು ಕಾರಣಗಳು ನೂರು. ಹಾಗಾಗಿ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ಸಹಜ. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಮಾತ್ರೆಯನ್ನು ಕರುಳು ಹೀರಿಕೊಳ್ಳುತ್ತಿದೆಯೇ ಎಂದು ಕೇಳಬೇಕು. ವಯಸ್ಸಿಗೆ ತಕ್ಕ ಎತ್ತರ ಬಾರದ ಮಗು, ಟೈಪ್ 1 ಮಧುಮೇಹ ಇರುವ ಮಗು, ಸೀಲಿಯಾಕ್ ಇರುವವರ ಒಡಹುಟ್ಟಿದವರು, ಹೆತ್ತವರು, ಮಕ್ಕಳು ಇವರೆಲ್ಲರಿಗೂ ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಅನುಮಾನ ಬಲವಾದರೆ ಎಂಡೊಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ.

ಇಲ್ಲೊಂದು ಎಚ್ಚರಿಕೆ ಮುಖ್ಯ. ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬಾರದು. ಯಾರದೋ ಮಾತು ಕೇಳಿ ಮೊದಲೇ ಬಿಟ್ಟರೆ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಯುತ್ತದೆ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ತೂಕ ಇಳಿಸಲೆಂದು ಗ್ಲುಟೆನ್ ಬಿಡುವ ಈಗಿನ ಶೋಕಿಗೂ ಈ ಪಥ್ಯಕ್ಕೂ ಸಂಬಂಧವಿಲ್ಲ.

ಅಡಗಿ ಕೂತ ಗೋಧಿ

ಚಪಾತಿ, ಪರೋಟ, ಬ್ರೆಡ್ಡು, ಬಿಸ್ಕತ್ತು ಬಿಡುವುದು ಕಷ್ಟವಾದರೂ ಅವು ಕಣ್ಣಿಗೆ ಕಾಣುತ್ತವೆ. ಕಾಣದ ಗೋಧಿಯೇ ದೊಡ್ಡ ಶತ್ರು. ಅಂಗಡಿಯ ಇಂಗಿನಲ್ಲಿ ಬಹಳ ಸಲ ಮೈದಾ ಬೆರೆತಿರುತ್ತದೆ. ಹೋಟೆಲಿನ ಇಡ್ಲಿ ಸೈ, ಅದರ ಮೇಲೆ ಸುರಿಯುವ ಸಾಂಬಾರಿನ ಬಗ್ಗೆ ಕೇಳಲೇಬೇಕು. ದೋಸೆ ಅಕ್ಕಿಯದೇ, ಆದರೆ ಕಾವಲಿ ಪರೋಟ ಬೇಯಿಸಿದ್ದಾಗಿರಬಹುದು. ಸೇಲಂನ ಹೆಸರಾಂತ ತಟ್ಟುವಡೆ ಸೆಟ್ಟಿನ ವಡೆ ಅಕ್ಕಿ ಹಿಟ್ಟಿನದು. ಅದಕ್ಕೆ ಮೈದಾ ಸೇರಿಸಿದ್ದಾರೆಯೇ, ಯಾವ ಇಂಗು ಹಾಕಿದ್ದಾರೆ ಎಂದು ವಿಚಾರಿಸಬೇಕು. ಸೊರಗಿದ ಮಗುವಿಗೆ ಶಕ್ತಿ ಬರಲೆಂದು ಕೊಡುವ ಮಾಲ್ಟ್ ಪುಡಿಗಳಲ್ಲಿ ಗೋಧಿಯೋ ಬಾರ್ಲಿಯೋ ಇರುವುದೇ ಹೆಚ್ಚು. ಅಂಗನವಾಡಿಯಲ್ಲಿ ಕೊಡುವ ಪೌಷ್ಟಿಕ ಹಿಟ್ಟು ಸತ್ತುಮಾವಿನಲ್ಲೂ ಗೋಧಿ ಹಿಟ್ಟು ಇರುತ್ತದೆ. ಸೀಲಿಯಾಕ್ ಇರುವ ಮಗು ಪೌಷ್ಟಿಕವೆಂದು ಕೊಟ್ಟದ್ದರಿಂದಲೇ ಇನ್ನಷ್ಟು ಸೊರಗುತ್ತದೆ.

ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಒಳಹೋದರೂ ಕೆಲವು ತಿಂಗಳಲ್ಲಿ ಕರುಳು ಕೆಡಬಹುದು. ಸುಮಾರು ಅರ್ಧ ಗ್ರಾಂ ಮೈದಾದಲ್ಲಿ ಅಷ್ಟು ಇರುತ್ತದೆ. ಆದ್ದರಿಂದಲೇ ಕಿಲೋ ಒಂದಕ್ಕೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವ ಆಹಾರವನ್ನು ನಮ್ಮ ದೇಶದಲ್ಲಿ ಗ್ಲುಟೆನ್ ರಹಿತ ಎಂದು ಮಾರುವಂತಿಲ್ಲ.

ಈ ಲೆಕ್ಕದಲ್ಲಿ ನೋಡಿದರೆ ಊರಿನ ಹಿಟ್ಟಿನ ಗಿರಣಿ ಬಹಳ ಮುಖ್ಯವಾದ ಜಾಗ. ನಮಗಿಂತ ಮೊದಲು ಬಂದವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿ ಸುರಿದರೆ ಶುದ್ಧ ರಾಗಿ ಹಿಟ್ಟೂ ಶುದ್ಧವಾಗಿ ಉಳಿಯುವುದಿಲ್ಲ. ಮೊದಲು ಅಕ್ಕಿ ಹಾಕಿಸಿ ಆ ಹಿಟ್ಟನ್ನು ಚೆಲ್ಲಿದರೆ ಬೆರಕೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಇಡೀ ಕಾಳು ತಂದು ಆರಿಸಿ, ತೊಳೆದು ಒಣಗಿಸಿ ಮನೆಯಲ್ಲೇ ಬೀಸಿಕೊಳ್ಳುವುದು ಭದ್ರ ದಾರಿ. ಗೋಧಿ ಮುಟ್ಟದ ಒಂದು ಯಂತ್ರವನ್ನು ಸಿರಿಧಾನ್ಯಕ್ಕೆಂದೇ ಇಡಲು ಮಹಿಳಾ ಸ್ವಸಹಾಯ ಸಂಘಗಳು ಮುಂದಾದರೆ ಎಷ್ಟೋ ಮನೆಗಳ ಆತಂಕ ಕಳೆಯುತ್ತದೆ.

ಊಟ ಇಲ್ಲೇ ಇದೆ

ದುಬಾರಿ ಬೆಲೆಯ ಗ್ಲುಟೆನ್ ರಹಿತ ಬ್ರೆಡ್ಡು, ಪಾಸ್ತಾ ಹುಡುಕಿ ಅಲೆಯುವ ಅಗತ್ಯ ಈ ಸೀಮೆಯವರಿಗಿಲ್ಲ. ಅಕ್ಕಿ, ರಾಗಿ, ಸಾಮೆ, ನವಣೆ, ಹಾರಕ, ಸಜ್ಜೆ, ಜೋಳ ಯಾವುದರಲ್ಲೂ ಗ್ಲುಟೆನ್ ಇಲ್ಲ. ಮರಗೆಣಸಿನ ಸಬ್ಬಕ್ಕಿಯಲ್ಲೂ ಇಲ್ಲ. ಸೇಲಂ ಸಬ್ಬಕ್ಕಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಮೂಳೆ ಸವೆದವರಿಗೆ ಬೇಕಾದದ್ದು ಅದೇ. 2023ರಲ್ಲಿ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳಲ್ಲಿ ಪಡಿತರ ಅಕ್ಕಿಯ ಒಂದು ಪಾಲಿನ ಬದಲು 2 ಕಿಲೋ ರಾಗಿ ಕೊಡುವ ಯೋಜನೆಯನ್ನು ತಮಿಳುನಾಡು ಸರ್ಕಾರ ಆರಂಭಿಸಿತು.

ಉಳಿಯುವ ಕಷ್ಟ ನೆಂಟರಿಷ್ಟರದು. ಮದುವೆ ಮನೆಯಲ್ಲಿ ‘ಒಂದೇ ಒಂದು ತುಂಡು ಏನೂ ಮಾಡಲ್ಲ, ತಗೊಳ್ಳಮ್ಮ’ ಎಂದು ಒತ್ತಾಯಿಸುವವರು ಪ್ರೀತಿಯಿಂದಲೇ ಹೇಳುತ್ತಾರೆ. ಗುಡಿಯಲ್ಲಿ ರವೆ ಕೇಸರಿಯ ಪ್ರಸಾದ ಬೇಡವೆಂದರೆ ಹಿರಿಯರ ಮುಖ ಸಣ್ಣದಾಗುತ್ತದೆ. ಹೊರಗೆ ಚೆನ್ನಾಗಿಯೇ ಕಾಣುವ ಹುಡುಗಿ ಪ್ರತಿಸಲವೂ ತನ್ನ ಕಾಯಿಲೆಯನ್ನು ವಿವರಿಸಿ ದಣಿಯುತ್ತಾಳೆ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಬಲವಂತ ಮಾಡಬಾರದೆಂದು ನಾವು ಕಲಿತಿದ್ದೇವೆ. ಇದನ್ನೂ ಕಲಿಯಬಹುದು.

ಪಥ್ಯ ಸರಿಯಾಗಿ ನಡೆದರೆ ಕರುಳು ಮತ್ತೆ ಚಿಗುರುತ್ತದೆ. ಮಕ್ಕಳಲ್ಲಿ ಬೇಗ, ದೊಡ್ಡವರಲ್ಲಿ ಒಂದೆರಡು ವರ್ಷ ಹಿಡಿಯಬಹುದು. ರಕ್ತ ಏರುತ್ತದೆ, ಮಗು ಬೆಳೆಯುತ್ತದೆ. ಅದಕ್ಕೆ ಬೇಕಾದ ಬೆಳೆಯೂ ಅಡುಗೆಯೂ ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿ ಹಿಂದಿನಿಂದಲೇ ಇವೆ. ಇನ್ನು ಸೇರಬೇಕಾದದ್ದು ಮೂರು: ಅನುಮಾನ ಬಂದಾಗ ರಕ್ತಪರೀಕ್ಷೆ ಬರೆಯುವ ವೈದ್ಯರು, ಗೋಧಿ ಬೆರೆಯದ ಗಿರಣಿ, ಬೇಡ ಎಂದವರನ್ನು ಒತ್ತಾಯಿಸದ ನೆಂಟರು.