ಕೈಬರಹವೂ ಶಾಯಿ ಲೇಖನಿಯೂ

ಮಾತಿಗೆ ಉಚ್ಚಾರಶುದ್ಧಿ ಹೇಗೋ ಬರಹಕ್ಕೆ ಲಿಪಿಶುದ್ಧಿಯೂ ಹಾಗೆಯೇ ಅವಶ್ಯವಾದುದು. ಉಚ್ಚಾರ ಕೆಟ್ಟರೆ ಕೇಳುವವನು ಮತ್ತೊಮ್ಮೆ ಕೇಳಿ ತಿಳಿದುಕೊಳ್ಳಬಹುದು. ಲಿಪಿ ಕೆಟ್ಟರೆ ಓದುವವನಿಗೆ ಆ ಅವಕಾಶವಿಲ್ಲ, ಬರೆದವನು ಎದುರಿಗಿರುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇದು ಸ್ಪಷ್ಟವಾಗಿ ಕಂಡುಬರುತ್ತದೆ. ವಿಷಯವನ್ನು ಚೆನ್ನಾಗಿ ಅರಿತ ವಿದ್ಯಾರ್ಥಿಯೂ ತಾನು ಅರಿತುದನ್ನು ಪರೀಕ್ಷಕರ ಕಣ್ಣಿಗೆ ಮುಟ್ಟಿಸಲಾರದೆ ಅಂಕಗಳನ್ನು ಕಳೆದುಕೊಳ್ಳುವುದುಂಟು. ಪತ್ರವ್ಯವಹಾರವೆಲ್ಲ ಮೊಬೈಲಿನ ಪರದೆಯನ್ನು ಸೇರಿರುವ ಈ ದಿನಗಳಲ್ಲಿಯೂ ಶಾಲೆಯ ಪರೀಕ್ಷೆ ಕೈಬರಹದಲ್ಲಿಯೇ ನಡೆಯುತ್ತಿದೆ. ಅಭ್ಯಾಸ ಕುಗ್ಗಿದೆ, ಅವಶ್ಯಕತೆ ಮಾತ್ರ ಉಳಿದಿದೆ.

ಕನ್ನಡ ಲಿಪಿಯಲ್ಲಿ ಈ ವಿಷಯದ ಎಚ್ಚರ ಇನ್ನಷ್ಟು ಬೇಕು. ಗುಡಿಸಿನ ಸುಳಿ ಮುಚ್ಚದೆ ಉಳಿದರೆ ‘ಬಿಳಿ’ಯು ‘ಬೆಳೆ’ಯಾಗುತ್ತದೆ; ದೀರ್ಘದ ಗುರುತು ಬಿಟ್ಟುಹೋದರೆ ‘ಬೇಳೆ’ಯೂ ‘ಬೆಳೆ’ಯೇ. ಅಕ್ಷರದ ಹೊಟ್ಟೆಯಲ್ಲಿ ಇರಬೇಕಾದ ಸಣ್ಣ ಸೀಳು ಕಾಣದಿದ್ದರೆ ‘ಧನ’ ಹೋಗಿ ‘ದನ’ ಉಳಿಯುತ್ತದೆ. ಮಕಾರದ ಬಲಗಡೆಯ ಕೊಂಡಿ ಮಾಸಿದರೆ ‘ಮರ’ವು ‘ವರ’ವಾಗುತ್ತದೆ. ಹಸ್ತಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರು ಅನುಭವಿಸುವ ತೊಡಕೂ ಇದೇ ಬಗೆಯದು. ಹಳೆಯ ಓಲೆಗರಿಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬಹುಮಟ್ಟಿಗೆ ಭೇದವನ್ನೇ ತೋರಿಸುತ್ತಿರಲಿಲ್ಲ. ಛಂದಸ್ಸಿನಿಂದಲೂ ಅರ್ಥಸಂದರ್ಭದಿಂದಲೂ ಅದನ್ನು ನಿರ್ಣಯಿಸಬೇಕಾಗುತ್ತದೆ. ಒಬ್ಬ ಲಿಪಿಕಾರನ ಕೈಯಲ್ಲಿ ಅಸ್ಪಷ್ಟವಾದ ಒಂದು ಅಕ್ಷರ ಮುಂದಿನ ಪ್ರತಿಗಳಲ್ಲಿ ಪಾಠಾಂತರವಾಗಿ ನಿಂತುಬಿಡುತ್ತದೆ.

ಅಕ್ಷರದ ಆಕಾರಕ್ಕೂ ಬರೆಯುವ ಸಾಧನಕ್ಕೂ ನಿಕಟವಾದ ಸಂಬಂಧವಿದೆ. ಪೂರ್ವಿಕರು ತಾಳೆಯೋಲೆಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಆ ಗೀರುಗಳಿಗೆ ಕಾಡಿಗೆ ಸವರಿ ಅವು ಕಾಣುವಂತೆ ಮಾಡುತ್ತಿದ್ದರು. ಓಲೆಯ ನಾರಿನ ಗುಂಟ ನೇರಗೆರೆ ಎಳೆದರೆ ಓಲೆಯೇ ಸೀಳುವ ಭಯವಿದ್ದುದರಿಂದ ದಕ್ಷಿಣದೇಶದ ಲಿಪಿಗಳು ದುಂಡಗಾದವೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಸಿದ್ಧಪಡಿಸಿದ ಕಡತಗಳ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುವ ಪದ್ಧತಿ ಕನ್ನಡನಾಡಿನಲ್ಲಿ ಬಹುಕಾಲ ನಡೆಯಿತು. ಕಾಗದದ ಮೇಲೆ ಬರೆಯಲು ಕಡ್ಡಿಯ ಲೆಕ್ಕಣಿಕೆಯೂ ಅನಂತರ ಲೋಹದ ನಿಬ್ಬೂ ಬಂದವು. ಕೆಲವು ಪದಗಳಿಗೊಮ್ಮೆ ಅದನ್ನು ಮಸಿಕುಡಿಕೆಯಲ್ಲಿ ಅದ್ದಲೇಬೇಕಾಗಿದ್ದುದರಿಂದ ಬರೆಯುವವನ ಕೈಗೆ ನಿಧಾನವೂ ಬಿಡುವೂ ತಾವಾಗಿ ದೊರೆಯುತ್ತಿದ್ದವು.

ಈ ಅದ್ದುವ ಶ್ರಮವನ್ನು ತಪ್ಪಿಸಿದುದು ಶಾಯಿ ಲೇಖನಿ, ಅರ್ಥಾತ್ ಫೌಂಟನ್ ಪೆನ್ನು. ರುಮೇನಿಯದ ಪೆಟ್ರಾಕೆ ಪೊಯೆನಾರು ೧೮೨೭ರಲ್ಲಿ ಫ್ರಾನ್ಸಿನಲ್ಲಿ ಇಂತಹ ಒಂದು ಲೇಖನಿಗೆ ಪೇಟೆಂಟ್ ಪಡೆದನು. ೧೮೮೪ರಲ್ಲಿ ಅಮೆರಿಕದ ವಾಟರ್‌ಮನ್ ಎಂಬಾತನು ಶಾಯಿ ಒಂದೇ ಸಮನೆ ಇಳಿಯುವ ಲೇಖನಿಗೆ ಪೇಟೆಂಟ್ ಪಡೆದ ಮೇಲೆ ಇದರ ಬಳಕೆ ವ್ಯಾಪಕವಾಯಿತು. ನಿಬ್ಬಿನ ಅಡಿಯಲ್ಲಿ ನಾಲಗೆಯಂತೆ ಅಂಟಿಕೊಂಡಿರುವ ಭಾಗದಲ್ಲಿ ಕೂದಲೆಳೆಯಂತಹ ಗೀರುಗಳಿವೆ. ಶಾಯಿ ಇವುಗಳ ಮೂಲಕ ಕೆಳಗಿಳಿದಂತೆ ಅಷ್ಟೇ ಗಾಳಿ ಮೇಲಕ್ಕೆ ಹೋಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಸೆಳೆದುಕೊಳ್ಳುವ ನಿಯಮದಿಂದಲೇ ಶಾಯಿಯು ನಿಬ್ಬಿನ ಸೀಳಿನ ತುದಿಗೆ ಬಂದು ನಿಲ್ಲುತ್ತದೆ. ಕಾಗದ ಸೋಂಕಿದೊಡನೆ ಹರಿಯುತ್ತದೆ. ಒತ್ತುವ ಅಗತ್ಯವೇ ಇಲ್ಲ.

ಕೈಬರಹಕ್ಕೆ ಶಾಯಿ ಲೇಖನಿಯಿಂದ ಆಗುವ ಉಪಕಾರದ ಗುಟ್ಟು ಇಲ್ಲಿದೆ. ಹಂಗೇರಿಯ ಲಾಸ್ಲೋ ಬಿರೊ ೧೯೩೮ರಲ್ಲಿ ಪೇಟೆಂಟ್ ಪಡೆದ ಬಾಲ್‌ಪೆನ್ನಿನಲ್ಲಿ ಶಾಯಿ ಮಂದವಾದುದು. ತುದಿಯ ಗುಂಡು ಉರುಳಲು ಒತ್ತಿ ಬರೆಯಬೇಕು. ಒತ್ತಿದಂತೆಲ್ಲ ಬೆರಳುಗಳು ಬಿಗಿಯುತ್ತವೆ. ಬಿಗಿದ ಬೆರಳಿನಿಂದ ದುಂಡನೆಯ ಕನ್ನಡ ಅಕ್ಷರ ಹೊರಡುವುದು ಕಷ್ಟ. ದೀರ್ಘವಾದ ಪರೀಕ್ಷೆಯ ಕೊನೆಯ ಪುಟಗಳಲ್ಲಿ ಅದು ಕಾಗೆಕಾಲು ಗುಬ್ಬಿಕಾಲಾಗುವುದು ಈ ಕಾರಣದಿಂದಲೇ. ಶಾಯಿ ಲೇಖನಿಯನ್ನು ಒತ್ತಿದರೆ ನಿಬ್ಬಿನ ಎರಡು ಕವಲುಗಳು ಅಗಲಿ ಗೆರೆ ದಪ್ಪವಾಗುತ್ತದೆ, ಕಾಗದ ಗೀರುತ್ತದೆ. ತಪ್ಪನ್ನು ಆ ಕ್ಷಣವೇ ತೋರಿಸಿಕೊಡುವುದರಿಂದ ಹಗುರವಾಗಿ ಬರೆಯುವ ಅಭ್ಯಾಸವನ್ನು ಅದೇ ಕಲಿಸುತ್ತದೆ.

ಹಾಗೆಂದು ಲೇಖನಿ ಬದಲಾದ ಮಾತ್ರಕ್ಕೆ ಅಕ್ಷರ ಮುತ್ತಿನಂತಾಗದು. ಕನ್ನಡದಲ್ಲಿ ‘ತಿದ್ದುವುದು’ ಎಂಬ ಮಾತಿಗೆ ಬರೆದ ಅಕ್ಷರದ ಮೇಲೆ ಮತ್ತೆ ಮತ್ತೆ ಬರೆಯುವುದು ಎಂದೂ ತಪ್ಪನ್ನು ಸರಿಪಡಿಸುವುದು ಎಂದೂ ಎರಡು ಅರ್ಥಗಳಿವೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದ ಕಾಲದಿಂದಲೂ ಈ ಎರಡು ಕೆಲಸಗಳು ಒಂದೇ ಆಗಿವೆ. ವಯಸ್ಕರಿಗೂ ಮಾರ್ಗ ಇದೇ. ದಿನವೂ ಅರ್ಧ ಪುಟ ಬರೆದರೆ ಸಾಕು; ಆದರೆ ಒಂದು ದಿನವೂ ತಪ್ಪಬಾರದು. ಲೇಖನಿಯನ್ನು ಕಾಗದಕ್ಕೆ ಸುಮಾರು ೪೫ರಿಂದ ೫೫ ಡಿಗ್ರಿ ಓರೆಯಾಗಿ, ನಿಬ್ಬಿನ ಬೆನ್ನು ಮೇಲಕ್ಕಿರುವಂತೆ ಹಿಡಿಯಬೇಕು. ಬೆರಳುಗಳಷ್ಟನ್ನೇ ಆಡಿಸದೆ ಮುಂಗೈಯನ್ನೂ ಸರಿಸುತ್ತ ಬರೆಯಬೇಕು. ಮೊದಲು ತಲಕಟ್ಟುಗಳೆಲ್ಲ ಒಂದೇ ಎತ್ತರದಲ್ಲಿ ನಿಲ್ಲಲಿ. ಅನಂತರ ಗುಡಿಸು ಕೊಂಬುಗಳ ಸುಳಿಗಳು ತುಂಬಿಕೊಳ್ಳಲಿ. ಆಮೇಲೆ ಒತ್ತಕ್ಷರಗಳು ಕೆಳಸಾಲಿಗೆ ತಗುಲದಷ್ಟು ಚಿಕ್ಕದಾಗಲಿ. ಒಂದು ವಾರಕ್ಕೆ ಒಂದೇ ದೋಷವನ್ನು ಹಿಡಿದು ತಿದ್ದುವುದು ಲೇಸು. ವೇಗವನ್ನು ಬೇರೆಯಾಗಿ ಸಾಧಿಸಬೇಕಾಗಿಲ್ಲ. ಆಕಾರ ಕೈಗೆ ಹತ್ತಿದ ಮೇಲೆ ಅದು ಹಿಂದೆಯೇ ಬರುತ್ತದೆ. ಎಡಗೈಯಲ್ಲಿ ಬರೆಯುವ ಮಕ್ಕಳನ್ನು ಬಲಗೈಗೆ ಬಲವಂತಪಡಿಸದೆ, ಕಾಗದವನ್ನು ಅವರಿಗೆ ಅನುಕೂಲವಾಗುವಂತೆ ಓರೆಯಾಗಿಡಲು ಹೇಳಿ, ಬೇಗ ಒಣಗುವ ಶಾಯಿಯನ್ನು ಕೊಡಬೇಕು.

ಲೇಖನಿಯ ಪಾಲನೆಯೂ ಅಗತ್ಯ. ಕೆಲವು ವಾರಗಳಿಗೊಮ್ಮೆ ತಣ್ಣೀರಿನಲ್ಲಿ ನಿಬ್ಬನ್ನು ತೊಳೆಯಬೇಕು. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ತುಂಬಿದರೆ ಅದು ಒಣಗಿ ಗೀರುಗಳನ್ನು ಕಟ್ಟಿಬಿಡುತ್ತದೆ. ಫಿಲ್ಲರಿನಿಂದ ಶಾಯಿ ಹಾಕುವ ಪೆನ್ನುಗಳಲ್ಲಿ ಶಾಯಿ ತೀರಾ ಕಡಿಮೆಯಾದಾಗ ಕೈಯ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಹನಿ ಉದುರುತ್ತದೆ. ಕಾಲುಭಾಗಕ್ಕೆ ಇಳಿಯುವ ಮೊದಲೇ ತುಂಬಿದರೆ ಅಂಗಿಯೂ ಪುಸ್ತಕವೂ ಉಳಿಯುತ್ತವೆ. ಬಿದ್ದ ಹನಿಯನ್ನು ಹೀರಲು ಸೀಮೆಸುಣ್ಣದ ತುಂಡು ಸಾಕು.

ರಾಜಮಹೇಂದ್ರಿಯ ರತ್ನಂ ಅವರು ತಯಾರಿಸಿದ ಸ್ವದೇಶಿ ಲೇಖನಿಯನ್ನು ಬಳಸಿ ನೋಡಿ ಗಾಂಧೀಜಿಯವರು ೧೯೩೫ರಲ್ಲಿ ಮೆಚ್ಚುಗೆಯ ಪತ್ರ ಬರೆದರು. ಆದರೆ ತಮ್ಮ ಸ್ವಂತ ಅಕ್ಷರದ ಬಗ್ಗೆ ಆ ಮಹನೀಯರಿಗೆ ಸಮಾಧಾನವಿರಲಿಲ್ಲ. ಬಾಲ್ಯದಲ್ಲಿ ಕೈಬರಹವನ್ನು ಅಲಕ್ಷಿಸಿದುದಕ್ಕಾಗಿ ಅವರು ಆತ್ಮಕಥೆಯಲ್ಲಿ ಪರಿತಪಿಸಿದ್ದಾರೆ. ದಕ್ಷಿಣ ಆಫ್ರಿಕೆಯಲ್ಲಿ ಅಲ್ಲಿಯ ವಕೀಲರ, ತರುಣರ ಸುಂದರ ಅಕ್ಷರಗಳನ್ನು ಕಂಡು ನಾಚಿದರೆಂದೂ, ಅನಂತರ ತಿದ್ದಿಕೊಳ್ಳಲು ಯತ್ನಿಸಿದರೂ ಕಾಲ ಮೀರಿತ್ತೆಂದೂ ಬರೆದು, ಮಕ್ಕಳಿಗೆ ಬರವಣಿಗೆಗೆ ಮೊದಲು ಚಿತ್ರಕಲೆಯನ್ನು ಕಲಿಸಬೇಕೆಂದು ಸೂಚಿಸಿದ್ದಾರೆ.

ಉಪಾಧ್ಯಾಯರು ಇದರಲ್ಲಿ ಗಮನಿಸಬೇಕಾದುದು ಬಹಳವಿದೆ. ಮಗು ಮೊದಲು ಅನುಕರಿಸುವುದು ಕರಿಹಲಗೆಯ ಮೇಲಿನ ಗುರುಗಳ ಅಕ್ಷರವನ್ನು. ಅದು ದುಂಡಗಿದ್ದರೆ ತರಗತಿಯ ಅಕ್ಷರವೂ ದುಂಡಗಾಗುತ್ತದೆ. ಕಾಪಿ ಪುಸ್ತಕಕ್ಕೆ ರುಜು ಹಾಕಿ ಹಿಂದಿರುಗಿಸುವುದಕ್ಕಿಂತ, ಅದರಲ್ಲಿ ಒಂದು ಅಕ್ಷರವನ್ನಾದರೂ ಗುರುಗಳು ತಮ್ಮ ಕೈಯಿಂದ ಬರೆದು ತೋರಿಸುವುದು ಹೆಚ್ಚು ಫಲಕಾರಿ. ವಿದ್ಯಾರ್ಥಿಗಳಿಗೆ ನೆರವಾಗಬಯಸುವ ಹಿರಿಯರು ಒಂದು ತರಗತಿಗೆ ಸಾದಾ ಲೇಖನಿಗಳನ್ನೂ ಕೆಲವು ಸೀಸೆ ಶಾಯಿಯನ್ನೂ ಒದಗಿಸಿದರೆ ಅಲ್ಪವ್ಯಯದಲ್ಲಿ ದೊಡ್ಡ ಉಪಕಾರವಾಗುತ್ತದೆ. ಕಲಿತ ವಿದ್ಯೆ ಓದುವವರ ಕಣ್ಣಿಗೆ ತಲುಪದೆ ಉತ್ತರಪತ್ರಿಕೆಯಲ್ಲಿಯೇ ಉಳಿದುಹೋಗುವುದು ಅದರಿಂದ ತಪ್ಪೀತು.